ಅತ್ತೆಯವರನ್ನು ಕೇಳಿದ ಶನಿವಾರ

ಮೊನ್ನೆ ಬೀದಿಯ ಮೂಲೆಯ ಟಪಾಲು ಡಬ್ಬಿಯಿಂದ ದಪ್ಪ ಕಾಗದದ ಒಂದು ಕಾರ್ಡು ತಂದೆ. ನಮ್ಮ ಬಡಾವಣೆಯ ಸಂಘದವರು ಕಳಿಸಿದ್ದು. ಮನೆಗಳ ಹಿಂದಿನ ಮರದ ಬೇಲಿಗೆಲ್ಲ ಈ ಬೇಸಿಗೆಯಲ್ಲಿ ಒಂದೇ ಬಣ್ಣ ಬಳಿಸುತ್ತಾರಂತೆ. ಮೂರು ಬಗೆಯ ಕಂದು ಬಣ್ಣದ ಚೌಕಗಳನ್ನು ಅಚ್ಚು ಹಾಕಿಸಿ, ಅದರ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಅಕ್ಷರದಲ್ಲಿ ‘ಹ್ಯಾವ್ ಯುವರ್ ಸೇ’ ಎಂದು ಬರೆಸಿದ್ದಾರೆ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಹೊಸ ಬೆಲ್ಲ, ಒಂದು ಹಳೆಯ ಬೆಲ್ಲ, ಇನ್ನೊಂದು ತೇವ ಹಿಡಿದ ಬೆಲ್ಲ. ನಾವಿರುವ ಈ ಬಾಥೆಲ್ಲಿನ ಮಳೆಯಲ್ಲಿ ಎರಡು ವರ್ಷ ನಿಂತರೆ ಮೂರೂ ಒಂದೇ ಆಗುತ್ತವೆ. ಇಷ್ಟಕ್ಕೂ ನನ್ನ ಅಭಿಪ್ರಾಯ ಬೇಕೆನ್ನುತ್ತಾರಲ್ಲ ಎಂದು ನಗು ಬಂತು. ನಗು ಮುಗಿಯುವ ಹೊತ್ತಿಗೆ ಅತ್ತೆಯವರು ನೆನಪಾದರು.

ನೆನಪು ಬಂದ ದಾರಿಯನ್ನು ಹೇಳಬೇಕಾದರೆ ಆ ಇಂಗ್ಲಿಷ್ ಮಾತಿನ ಬಗ್ಗೆಯೇ ಒಂದಿಷ್ಟು ಹೇಳಬೇಕು. ಈ ದೇಶಕ್ಕೆ ಬಂದ ಹೊಸತರಲ್ಲಿ ‘ಸೇ’ ಎಂದರೆ ಹೇಳುವುದು ಎಂದಷ್ಟೇ ನನಗೆ ಗೊತ್ತಿತ್ತು. ಅದೊಂದು ಕೊಡುವ, ತೆಗೆದುಕೊಳ್ಳುವ, ಇದೆ, ಇಲ್ಲ ಎಂದು ಲೆಕ್ಕ ಹಿಡಿಯುವ ವಸ್ತುವೂ ಹೌದು ಎಂಬುದು ನಿಧಾನವಾಗಿ ತಿಳಿಯಿತು. ಪಕ್ಕದ ಮನೆಯ ಕ್ಯಾರೊಲ್ ತನ್ನ ಮಗ ವುಡಿನ್‌ವಿಲ್ಲಿನಲ್ಲಿ ಮನೆ ಕೊಂಡ ಸುದ್ದಿ ಹೇಳಿ, ‘ನನಗೇನೂ ಸೇ ಇರಲಿಲ್ಲ ಬಿಡು’ ಎಂದು ಭುಜ ಹಾರಿಸುತ್ತಾಳೆ. ನಾನು ಕ್ಯಾನ್ಯನ್ ಪಾರ್ಕಿನ ಒಂದು ಲ್ಯಾಬಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅಲ್ಲಿಯ ಮ್ಯಾನೇಜರು ಪ್ರತಿ ಮೀಟಿಂಗಿನಲ್ಲೂ ‘ಎಲ್ಲರಿಗೂ ಸೇ ಇದೆ’ ಎಂದು ಶುರು ಮಾಡಿ, ಎಲ್ಲರ ಮಾತನ್ನೂ ತಲೆದೂಗುತ್ತ ಕೇಳಿ, ಬೆಳಗ್ಗೆಯೇ ಟೈಪು ಮಾಡಿಟ್ಟುಕೊಂಡ ತೀರ್ಮಾನವನ್ನು ಕೊನೆಗೆ ಓದುತ್ತಾನೆ. ಮೊದಮೊದಲು ನನಗೆ ಇದು ನಾಟಕ ಅನ್ನಿಸುತ್ತಿತ್ತು. ಆಮೇಲೆ ಗಮನಿಸಿದೆ: ಅಲ್ಲಿ ಯಾರೂ ತನ್ನ ಮಾತು ನಡೆಯಲಿಲ್ಲವೆಂದು ಮುನಿಸಿಕೊಳ್ಳುವುದಿಲ್ಲ, ಕೇಳದೇ ಹೋದರೆ ಮಾತ್ರ ಸಿಟ್ಟಾಗುತ್ತಾರೆ. ಗೆಲ್ಲುವುದು ಬೇರೆ, ತೀರ್ಮಾನದ ಗೆರೆ ಎಳೆಯುವ ಮೊದಲು ತನ್ನನ್ನೂ ಒಮ್ಮೆ ಕೇಳುವುದು ಬೇರೆ. ಆ ಎರಡನೆಯದಕ್ಕೆ ಇವರು ಒಂದು ಪುಟ್ಟ ಹೆಸರು ಇಟ್ಟುಕೊಂಡಿದ್ದಾರೆ.

ಮನೆಯೊಳಗೆ ಆ ಮಾತನ್ನು ತಂದವಳು ಮಗಳು ಸಂಜು. ಐದು ವರ್ಷಕ್ಕೇ ಶಾಲೆಯಿಂದ ಕಲಿತು ಬಂದಳು. ಡಬ್ಬಿಗೆ ಚಪಾತಿಯೋ ಪಾಸ್ತಾವೋ ಎನ್ನುವಲ್ಲಿಂದ ಹಿಡಿದು ತಲೆಗೆ ಎಣ್ಣೆ ಹಚ್ಚುವ ದಿನದವರೆಗೆ ಎಲ್ಲದಕ್ಕೂ ‘ಡೋಂಟ್ ಐ ಗೆಟ್ ಎ ಸೇ?’ ಎಂದು ಸೊಂಟದ ಮೇಲೆ ಕೈ ಇಡುತ್ತಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಮೈ ಉರಿಯುತ್ತಿತ್ತು. ‘ನಿನ್ನ ಸೇ ತಗೊಂಡು ಹೋಗಿ ಶೂ ಹಾಕ್ಕೋ, ಬಸ್ ಬಂತು’ ಎಂದು ಅಟ್ಟುತ್ತಿದ್ದೆ. ನಾನು ಬಾಗಲಕೋಟೆಯಲ್ಲಿ ಬೆಳೆದವಳು. ಅಲ್ಲಿ ಪಡಸಾಲೆಯಲ್ಲಿ ಗಂಡಸರು ಕೂತು ಮಾತು ಮುಗಿಸುತ್ತಿದ್ದರು, ಒಳಗಿದ್ದವರಿಗೆ ಚಹಾದ ಖಾಲಿ ಕಪ್ಪುಗಳ ಜೊತೆ ತೀರ್ಮಾನವೂ ಬರುತ್ತಿತ್ತು. ಅಷ್ಟಾದರೂ ನಾನು ನನ್ನ ಮನೆಯ ಬಗ್ಗೆ ಒಳಗೊಳಗೇ ಬೀಗುತ್ತಿದ್ದೆ. ಇಲ್ಲಿ ಪಡಸಾಲೆ ಇಲ್ಲ, ನಾನೂ ಗಂಡನೂ ಕೂತು ಮಾತಾಡಿಯೇ ಎಲ್ಲವನ್ನೂ ಮಾಡುತ್ತೇವೆ, ನಾವು ಹಾಗಲ್ಲ ಎಂದು.

ನಮ್ಮ ಮನೆಯವರಿಗೆ ಇಬ್ಬರು ಅಣ್ಣಂದಿರು. ದೊಡ್ಡ ಭಾವ ಹುಬ್ಬಳ್ಳಿಯಲ್ಲಿ, ಚಿಕ್ಕ ಭಾವ ಪುಣೆಯಲ್ಲಿ. ಶಾಲೆಯ ಮಾಸ್ತರರಾಗಿದ್ದ ಮಾವನವರು ಹೋದ ಮೇಲೆ ಬಾಡಿಗೆ ಮನೆ ಬಿಟ್ಟು, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡೆಯುವಂತೆ ಅತ್ತೆಯವರಿಗೆ ಪಾಳಿ ಹಚ್ಚಿದರು. ಮೂವರು ಮಕ್ಕಳು, ತಲಾ ನಾಲ್ಕು ತಿಂಗಳು. ಹುಬ್ಬಳ್ಳಿ, ಪುಣೆ, ಬಾಥೆಲ್. ಮತ್ತೆ ಹುಬ್ಬಳ್ಳಿ. ಇದರಲ್ಲಿ ಕೆಟ್ಟದ್ದೇನಿಲ್ಲ, ಯಾರೂ ತಾಯಿಯನ್ನು ಕೈಬಿಟ್ಟವರಲ್ಲ. ಪಾಳಿ ತಪ್ಪಿದರೆ ಜಗಳ ಬರುತ್ತಿದ್ದುದು ‘ನಮಗೆ ಒಂದು ತಿಂಗಳು ಕಡಿಮೆಯಾಯಿತು’ ಎಂದು.

ಆ ಪಾಳಿಗೆ ಒಂದು ಚಾರ್ಟು ಮಾಡಿದವಳು ನಾನು. ಕಾಗದ ಜೋಡಿಸುವ ಕೈ ಸುಮ್ಮನಿರಬೇಕಲ್ಲ! ಕಂಪ್ಯೂಟರಿನಲ್ಲಿ ಮೂರು ಬಣ್ಣದ ಪಟ್ಟಿ ಹಾಕಿದೆ. ಬಾಥೆಲ್ಲಿನಲ್ಲಿ ಚಳಿಗಾಲ ನಾಲ್ಕೂವರೆಗೇ ಕತ್ತಲೆ, ಅತ್ತೆಯವರಿಗೆ ಬೇಸರ, ಆದ್ದರಿಂದ ನಮ್ಮ ಪಾಳಿ ಮೇ ತಿಂಗಳಿಂದ. ಪುಣೆಯ ಮಕ್ಕಳ ಪರೀಕ್ಷೆ ಮಾರ್ಚಿನಲ್ಲಿ, ಅದು ಮುಗಿದ ಮೇಲೆಯೇ ಅಲ್ಲಿಂದ ಬಿಡುಗಡೆ. ವೀಸಾದ ತಾರೀಖು, ಬಿ.ಪಿ. ಮಾತ್ರೆ ಮುಗಿಯುವ ದಿನ, ಮಂಡಿಯ ಡಾಕ್ಟರು, ವಿಮಾನ ಬದಲಿಸುವ ಊರಿನಲ್ಲಿ ಗಾಲಿಕುರ್ಚಿ, ಜೊತೆಗೆ ಬರಲು ಸಿಗುವ ಕನ್ನಡದವರು, ಎಲ್ಲಕ್ಕೂ ಒಂದೊಂದು ಕಾಲಮ್ಮು. ಎರಡು ವರ್ಷ ಅದು ಗಡಿಯಾರದಂತೆ ನಡೆಯಿತು. ದೊಡ್ಡ ಭಾವ ಫೋನಿನಲ್ಲಿ, ‘ಹೆಡ್ ಆಫೀಸು ನೀನ ನೋಡವಾ, ನಾವೆಲ್ಲಾ ಬ್ರ್ಯಾಂಚು’ ಎಂದಾಗ ನಾನು ಒಂದಡಿ ಎತ್ತರವಾಗಿದ್ದೆ.

ಮೂರನೆಯ ವರ್ಷದ ಚಾರ್ಟು ಮಾಡಲು ಕೂತದ್ದು ಒಂದು ಶನಿವಾರ. ಆಗ ಅತ್ತೆಯವರು ನಮ್ಮ ಪಾಳಿಯಲ್ಲಿದ್ದರು. ನಮಗೆ ಬೆಳಗ್ಗೆ ಎಂಟು, ಅಲ್ಲಿಯವರಿಗೆ ರಾತ್ರಿ ಎಂಟೂವರೆ. ಊಟದ ಟೇಬಲ್ಲಿನ ನಡುವೆ ಫೋನು ಸ್ಪೀಕರಿಗೆ ಹಾಕಿಟ್ಟು, ನಾನು ಲ್ಯಾಪ್‌ಟಾಪು ತೆರೆದು ತಾರೀಖುಗಳನ್ನು ಓದುತ್ತಿದ್ದೆ. ಹನ್ನೊಂದು ವರ್ಷದ ಸಂಜು ಹಾಲಿನಲ್ಲಿ ಸೀರಿಯಲ್ ಕಲಸಿಕೊಂಡು ಪಕ್ಕದಲ್ಲಿದ್ದಳು. ಅತ್ತೆಯವರು ನಾಲ್ಕು ಮಾರು ದೂರದಲ್ಲಿ, ಸೋಫಾದ ಮುಂದೆ ನೆಲದ ಮೇಲೆ ಪೇಪರು ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ‘ಸೆಪ್ಟೆಂಬರ್ ಹನ್ನೆರಡಕ್ಕೆ ಇಲ್ಲಿಂದ ಬಿಟ್ಟರೆ ಹಬ್ಬಕ್ಕೆ ಹುಬ್ಬಳ್ಳಿ’ ಎಂದು ನಾನು ಹೇಳುವುದಕ್ಕೂ ಸಂಜು ಚಮಚ ಕೆಳಗಿಡುವುದಕ್ಕೂ ಸರಿಹೋಯಿತು.

‘ವೇಟ್, ಅಮ್ಮಾ. ಡಸ್ ಅಜ್ಜಿ ಗೆಟ್ ಎ ಸೇ?’

ಫೋನಿನಿಂದ ಚಿಕ್ಕ ಭಾವನವರ ದನಿ ಬಂತು. ‘ಏನಂದ್ಲು ಕೂಸು?’

‘ಏನಿಲ್ಲಣ್ಣ, ಹುಡುಗಿ ಏನೋ ಕೇಳ್ತಿದಾಳೆ,’ ಎಂದರು ನಮ್ಮ ಮನೆಯವರು, ‘ಸಂಜೂ, ದೊಡ್ಡೋರು ಮಾತಾಡ್ತಿದೀವಿ.’

‘ಅಜ್ಜಿ ಈಸ್ ಆಲ್ಸೋ ದೊಡ್ಡೋರು,’ ಎಂದಳು ಸಂಜು.

ಸೊಪ್ಪು ಬಿಡಿಸುವ ಸದ್ದು ನಿಂತಿತು. ‘ನನ್ನ ಹೆಸರ ತಗೀತೈತಲ್ಲ, ಏನಂತೈತಿ ಅದು?’ ಎಂದು ಅತ್ತೆಯವರು ನನ್ನ ಕಡೆ ನೋಡಿದರು. ನಾನು ಹೇಳಲೇಬೇಕಾಯಿತು. ‘ಎಲ್ಲಿರೋದು, ಯಾವಾಗ ಹೋಗೋದು ಅಂತ ನಿಮ್ಮನ್ನೂ ಕೇಳಬೇಕಂತೆ ಅತ್ತೀ.’

ಅವರು ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ, ‘ನಂದೇನೈತವಾ. ನೀವು ಹೆಂಗಂತೀರಿ ಹಂಗ,’ ಎಂದರು. ಟೇಬಲ್ಲಿನ ಸುತ್ತ, ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ, ಎಲ್ಲರೂ ಉಸಿರು ಬಿಟ್ಟೆವು. ಸಂಜು ಮಾತ್ರ ಬಿಡಲಿಲ್ಲ. ‘ದಟ್ಸ್ ನಾಟ್ ಎ ಸೇ, ಅಜ್ಜಿ. ಯೋಚ್ನೆ ಮಾಡಿ ಹೇಳು. ನೆಕ್ಸ್ಟ್ ಸ್ಯಾಟರ್ಡೇ.’ ಹುಡುಗಿಯ ಬಾಯಿ ಮುಚ್ಚಿಸಲೆಂದೇ ನಮ್ಮ ಮನೆಯವರು, ‘ಆಯ್ತಮ್ಮಾ, ಮುಂದಿನ ಶನಿವಾರ ಮಾಡೋಣ,’ ಎಂದು ಫೋನಿಟ್ಟರು.

ನಾನು ಕೂತಲ್ಲೇ ಕೂತಿದ್ದೆ. ತೆರೆಯ ಮೇಲೆ ನನ್ನ ಚಾರ್ಟು. ಹದಿನಾಲ್ಕು ಕಾಲಮ್ಮುಗಳು. ಮಂಡಿಗೆ ಒಂದು ಕಾಲಮ್ಮಿತ್ತು, ಮಾತ್ರೆಗೆ ಇತ್ತು, ಮೊಮ್ಮಕ್ಕಳ ಪರೀಕ್ಷೆಗೂ ಇತ್ತು. ಅವರೇನು ಅನ್ನುತ್ತಾರೆ ಎಂಬುದಕ್ಕೆ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ಇರಬಹುದೆಂದು ಹೊಳೆದೇ ಇರಲಿಲ್ಲ. ಅವರನ್ನು ಕೇಳಿ ತೊಂದರೆ ಕೊಡದೇ ಇರುವುದೇ ಮರ್ಯಾದೆ ಎಂದು ನಾವೆಲ್ಲ ತಿಳಿದಿದ್ದೆವು. ನಮ್ಮ ಪಡಸಾಲೆಯನ್ನು ನಾನು ಬಾಗಲಕೋಟೆಯಲ್ಲಿ ಬಿಟ್ಟು ಬಂದಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಬಂದಿದ್ದೆ.

ಆ ವಾರ ಅತ್ತೆಯವರು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದರು. ಟಿ.ವಿ. ಹಚ್ಚಿ ಅದರ ಕಡೆ ನೋಡದೆ ಕೂರುತ್ತಿದ್ದರು. ಸಂಜೆ ನಾವಿಬ್ಬರೂ ತೊರೆಯ ಪಕ್ಕದ ಕಾಲುದಾರಿಯಲ್ಲಿ ನಡೆಯಲು ಹೋಗುತ್ತಿದ್ದೆವು. ಅವರ ಕಾಲಿಗೆ ಬಿಳಿಯ ಸ್ಪೋರ್ಟ್ಸ್ ಶೂ, ಮೇಲೆ ನೂಲಿನ ಸೀರೆ, ಅದರ ಮೇಲೆ ಸಂಜುವಿನ ಹಳೆಯ ಜಾಕೆಟ್ಟು. ನಾಯಿ ಹಿಡಿದುಕೊಂಡು ಬರುವವರು ‘ಹಾಯ್’ ಎಂದರೆ ಅವರೂ ಘನವಾಗಿ ‘ಹಾಯ್’ ಎನ್ನುತ್ತಿದ್ದರು, ನಾಯಿಗೆ. ಬುಧವಾರ ಇರಬೇಕು, ಸೇತುವೆಯ ಹತ್ತಿರ ನಿಂತು ಕೇಳಿದರು.

‘ಅಕಿ ಖರೇನ ಕೇಳಿದ್ಲೋ, ಚಾಷ್ಟಿಗೆ ಕೇಳಿದ್ಲೋ?’

‘ಖರೇನ ಕೇಳಿದ್ಲು ಅತ್ತೀ.’

‘ನೀವೂ ಖರೇನ ಕೇಳಾವ್ರಿದ್ದೀರೇನು?’

ನಾನು ಹೂಂ ಎಂದೆ. ಅವರು ಸ್ವಲ್ಪ ದೂರ ನಡೆದು ಮತ್ತೆ ನಿಂತರು. ‘ಹೇಳಿದ ಮ್ಯಾಲ ಯಾರರ ಮಾರಿ ಸಣ್ಣ ಮಾಡಿದ್ರ?’

ಮದುವೆಯಾದ ಇಷ್ಟು ವರ್ಷದಲ್ಲಿ ಎಷ್ಟೋ ಮಾತನ್ನು ನಾನೇ ಯಾರದೋ ಮುಖ ಬಾಡೀತೆಂದು ನುಂಗಿದ್ದೆ. ‘ಮಾಡಿದ್ರ ಮಾಡ್ಕೊಳ್ಳಲಿ, ಆಮೇಲೆ ದೊಡ್ಡದಾಗುತ್ತೆ,’ ಎಂದೆ. ಅವರಿಗೆ ನಗು ಬಂತು.

ಅವರು ಏನು ಹೇಳಬಹುದೆಂದು ನನಗೂ ಸಂಜುವಿಗೂ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆವು. ಇಲ್ಲೇ ಇರುತ್ತೇನೆ ಎನ್ನುತ್ತಾರೆ. ಸಂಜುವಿನ ಕೋಣೆಯಲ್ಲೇ ಅವರ ಹಾಸಿಗೆ, ಇಬ್ಬರೂ ಚೌಕಾಬಾರಾ ಆಡುತ್ತಾರೆ, ನನ್ನ ಕೈಯ ಪಲ್ಯಕ್ಕೆ ಎರಡನೆಯ ಸಲ ಕೈ ಚಾಚುತ್ತಾರೆ. ಹುಬ್ಬಳ್ಳಿಯವರಿಗೆ ಬೇಸರವಾಗದ ಹಾಗೆ ಹೇಗೆ ಹೇಳುವುದು ಎಂದು ನಾನು ಮನಸ್ಸಿನಲ್ಲೇ ಎರಡು ವಾಕ್ಯ ಹೊಂದಿಸಿಯೂ ಇಟ್ಟಿದ್ದೆ.

ಶನಿವಾರ ಅವರು ಏಳಕ್ಕೇ ಸ್ನಾನ ಮಾಡಿ, ಮದುವೆಗಳಿಗೆ ಉಡುವ ಇಳಕಲ್ಲ ಸೀರೆ ಉಟ್ಟು ಬಂದರು. ನೆಲದ ಮೇಲೆ ಕೂರಲಿಲ್ಲ. ಕುರ್ಚಿ ಎಳೆದುಕೊಂಡು ಟೇಬಲ್ಲಿಗೆ ಕೂತರು. ಫೋನಿನ ಕಡೆ ಸ್ವಲ್ಪ ಬಾಗಿ, ‘ಮೂರೂ ಮಂದಿ ಅದೀರೇನು? ನನ್ನ ದನಿ ಕೇಳಸ್ತೈತಿ?’ ಎಂದರು.

‘ಕೇಳಸ್ತೈತಿ ಹೇಳಬೇ,’ ಎಂದರು ದೊಡ್ಡ ಭಾವ.

‘ಮೊದಲ ಹೇಳತೀನಿ, ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಮೂರೂ ಮನ್ಯಾಗ ನನ್ನ ಹೂವಿನಂಗ ನೋಡ್ಕೊಂಡೀರಿ. ಆದ್ರ ಮೂರೂ ಮನ್ಯಾಗ ಸಾಸಿವಿ ಡಬ್ಬಿ ಎಲ್ಲೈತಿ ಅಂತ ನಾ ಕೇಳಬೇಕು. ಒಂದ ಮನೀದು ಗೊತ್ತಾಗೂದ್ರಾಗ ಬ್ಯಾಗ ತುಂಬೂ ದಿನಾ ಬರತೈತಿ. ಗದಗದಾಗ ನಮ್ಮ ತಂಗಿ ಶಾಂತವ್ವನ ಬಾಜೂಕ ಎರಡ ಖೋಲಿ ಖಾಲಿ ಅದಾವಂತ. ನಿಮ್ಮಪ್ಪನ ಪೆನ್ಷನ್ ಬರತೈತಿ. ನಾ ಅಲ್ಲಿರತೀನಿ. ನಿಮ್ಮ ಮನಿಗಿ ಬರಬೇಕನಿಸಿದಾಗ ಬೀಗರಂಗ ಬರತೀನಿ, ಉಪಚಾರ ಮಾಡಸ್ಕೊಂಡು ಹೋಗತೀನಿ.’

ಫೋನಿನಲ್ಲಿ ಹುಬ್ಬಳ್ಳಿಯ ಯಾವುದೋ ಸ್ಕೂಟರಿನ ಹಾರ್ನು ಕೇಳಿಸಿತು. ಆಮೇಲೆ ದೊಡ್ಡ ಭಾವ, ‘ಮಂದಿ ಏನಂದಾರಬೇ? ಮೂರು ಮಂದಿ ಗಂಡಸ ಮಕ್ಕಳಿದ್ದೂ ಅವ್ವನ್ನ ಬಾಡಗಿ ಖೋಲ್ಯಾಗ ಇಟ್ಟಾರ ಅಂತಾರ,’ ಎಂದರು.

‘ಮಂದೀನ ದಿನಾ ಕೇಳತಿ. ನನ್ನ ಕೇಳಾಕ ಇಷ್ಟು ವರ್ಷ ಹಿಡೀತು.’

‘ಒಬ್ಬಾಕೀನ ಇದ್ದಾಗ ಜಾರಿ ಬಿದ್ರ?’ ಎಂದರು ಚಿಕ್ಕ ಭಾವ.

‘ನಿಮ್ಮ ಬಚ್ಚಲದಾಗ ಬಿದ್ದಾಗ ಮನ್ಯಾಗ ನಾಕ ಮಂದಿ ಇದ್ರಿ.’

ನಮ್ಮ ಮನೆಯವರು ಟೇಬಲ್ಲಿನ ಅಂಚು ಉಜ್ಜುತ್ತ, ‘ಅವ್ವಾ, ನಮ್ ಕಡೆಯಿಂದ ಏನಾದ್ರೂ ತಪ್ಪಾಯ್ತಾ?’ ಎಂದರು. ‘ತಪ್ಪೇನಿಲ್ಲಪಾ. ಕೇಳಿದ್ರಿ, ಹೇಳಿದೆ,’ ಎಂದರು ಅತ್ತೆಯವರು. ಅವರ ಕೈ ಟೇಬಲ್ಲಿನ ಕೆಳಗೆ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ನಾನು ಪಕ್ಕದಲ್ಲಿದ್ದುದರಿಂದ ಕಂಡಿತು.

ಮೊದಲು ಅತ್ತವಳು ಸಂಜು. ‘ಅಜ್ಜಿ, ನೋ! ಐ ಥಾಟ್ ಯು ವುಡ್ ಸೇ ಹಿಯರ್!’ ತಾನೇ ಕೇಳಿಸಿದ ಮಾತು ತನ್ನ ಹಾಸಿಗೆಯ ಪಕ್ಕದ ಹಾಸಿಗೆಯನ್ನೇ ಎತ್ತಿಕೊಂಡು ಹೋಗುತ್ತದೆಂದು ಅವಳಿಗೇನು ಗೊತ್ತು. ಅತ್ತೆಯವರು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. ‘ಅಳಬ್ಯಾಡ ನನ್ನವ್ವ. ನೀ ಕೇಳಲಿಲ್ಲಂದ್ರ ನನ್ನ ಬಾಯಿಂದ ಇದು ಹೊರಗ ಬರತಿದ್ದಿಲ್ಲ.’

ನನ್ನ ವಿಷಯ ಕೇಳಬೇಡಿ. ಸಾಸಿವೆಯ ಮಾತು ನೇರ ಎದೆಗೆ ಬಂದು ಕೂತಿತ್ತು. ಇದೇನು ಅತ್ತೆಗೆ ಅಡುಗೆಮನೆ ಬಿಟ್ಟುಕೊಡದ ಸೊಸೆಯೆ ನಾನು? ಕೇಳಿದ ಕೂಡಲೇ ತೆಗೆದುಕೊಟ್ಟಿದ್ದೇನಲ್ಲ, ಅದೂ ನಗುತ್ತ! ಫೋನಿನಲ್ಲಿ ಭಾವಂದಿರಿಬ್ಬರೂ ಚೇತರಿಸಿಕೊಂಡು, ‘ಈ ವರ್ಷ ಪಾಳಿ ಹಂಗ ನಡೀಲಿ, ಮುಂದಿನ ವರ್ಷ ನೋಡೂಣು,’ ಎಂದು ಒಂದೇ ದನಿಯಲ್ಲಿ ಶುರು ಮಾಡಿದ್ದರು. ‘ಚಾರ್ಟ್ ಐತೆಲ್ಲವಾ, ಅದರಂಗ ಮಾಡು,’ ಎಂದು ದೊಡ್ಡ ಭಾವ ನನಗೇ ಹೇಳಿದರು. ಹೆಡ್ ಆಫೀಸಿಗೆ. ಅತ್ತೆಯವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಬುಧವಾರ ಸೇತುವೆಯ ಹತ್ತಿರ ಕೇಳಿದ ಪ್ರಶ್ನೆಯೇ ಇತ್ತು: ಖರೇನ ಕೇಳಿದ್ರೋ?

‘ಭಾವಾ,’ ಎಂದೆ. ‘ಚಾರ್ಟ್ ಬರದಾಕಿ ನಾನು. ಅತ್ತಿಯವರನ್ನ ಕೇಳದ ಬರದಿದ್ದೆ, ಅದಕ್ಕ ತಪ್ಪೈತಿ. ಅಳಸ್ತೀನಿ.’ ಅಳಿಸಿದೆ. ಎರಡು ವರ್ಷದ ಕೆಲಸ, ಹದಿನಾಲ್ಕು ಕಾಲಮ್ಮು. ಒಂದು ಗುಂಡಿ ಒತ್ತುವಷ್ಟರಲ್ಲಿ ಹೋಯಿತು. ನಮ್ಮ ಮನೆಯವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಮರುಕ್ಷಣ ಫೋನಿನ ಕಡೆ ತಿರುಗಿ, ‘ಅಣ್ಣಾ, ಖೋಲಿ ನೋಡ್ಕೊಂಡು ಬಾ. ಬಚ್ಚಲಿಗೆ ಹಿಡಿಕೆ ಹಾಕಿಸೋಣ,’ ಎಂದರು.

ಬೇಸರ ಎರಡು ದಿನ ಇತ್ತು, ಇಲ್ಲವೆನ್ನಲಾರೆ. ತೊಳೆದ ಬಾಣಲೆಯನ್ನೇ ಮತ್ತೆ ತೊಳೆಯುತ್ತ ನಿಂತಿದ್ದೇನೆ. ಮೂರನೆಯ ದಿನ ಅತ್ತೆಯವರು ಅಡುಗೆಮನೆಗೆ ಬಂದು, ‘ನಿನ್ನ ಸಾರಿನ ಪುಡಿ ಹೆಂಗ ಮಾಡತಿ, ಬರದ ಕೊಡು. ನನ್ನ ಮನ್ಯಾಗ ಮಾಡ್ಕೊತೀನಿ,’ ಎಂದರು. ‘ನನ್ನ ಮನಿ’ ಎನ್ನುವಾಗ ಅವರ ಬಾಯಿ ಹೊಸ ಚಪ್ಪಲಿ ಹಾಕಿಕೊಂಡ ಕಾಲಿನಂತೆ ಸ್ವಲ್ಪ ಎಚ್ಚರದಿಂದ ಹೆಜ್ಜೆ ಇಟ್ಟಿತು. ಹದಿನೇಳಕ್ಕೆ ಮದುವೆಯಾಗಿ ತಮ್ಮ ಅತ್ತೆಯ ಮನೆಗೆ, ಆಮೇಲೆ ಗಂಡನ ವರ್ಗವಾದ ಊರುಗಳಿಗೆ, ಆಮೇಲೆ ಮಕ್ಕಳ ಮನೆಗಳಿಗೆ. ಎಪ್ಪತ್ತರ ಹೊಸ್ತಿಲಲ್ಲಿ ಮೊದಲ ಸಲ ಆ ಎರಡು ಶಬ್ದ. ಮೆಣಸು ಎಷ್ಟು, ಕೊತ್ತಂಬರಿ ಎಷ್ಟು ಎಂದು ಬರೆಯುತ್ತ ಬರೆಯುತ್ತ ನನ್ನ ಬೇಸರ ಕರಗಿತು. ಅದರ ಜಾಗಕ್ಕೆ ಬಂದದ್ದನ್ನು ಹೆಮ್ಮೆ ಎನ್ನದೆ ಬೇರೇನು ಎನ್ನಲಿ? ಇಂಥವರ ಸೊಸೆ ನಾನು ಎಂಬ ಹೆಮ್ಮೆ. ಆ ಪ್ರಶ್ನೆ ಕೇಳಿದವಳು ನನ್ನ ಮಗಳು ಎಂಬುದು ಇನ್ನೊಂದು.

ಗದಗಕ್ಕೆ ಹೋದ ಅತ್ತೆಯವರು ಚೆನ್ನಾಗಿದ್ದಾರೆ. ಮಂಡಿ ನೋಯುತ್ತದೆ, ನೋಯುತ್ತದೆ ಎನ್ನುತ್ತಾರೆ. ಅಕ್ಕ ತಂಗಿ ದಿನಕ್ಕೊಂದು ಸಲ ಜಗಳವಾಡುತ್ತಾರೆ, ಸಂಜೆ ಒಟ್ಟಿಗೆ ಭಜನೆಗೆ ಹೋಗುತ್ತಾರೆ. ಎರಡು ಸಲ ಇಲ್ಲಿಗೂ ಬಂದರು, ಹೇಳಿದಂತೆ ಬೀಗರ ಹಾಗೆ, ಕಾಲು ಚಾಚಿ ಕೂತು, ‘ಒಂದೀಟು ಚಾ ತಗೊಂಬಾ’ ಎನ್ನುತ್ತ. ಸಂಜು ಈಗ ಕಾಲೇಜಿನಲ್ಲಿದ್ದಾಳೆ. ಅಜ್ಜಿಗೆ ಅವಳೇ ಫೋನು ಮಾಡುತ್ತಾಳೆ, ಮುರುಕು ಕನ್ನಡದಲ್ಲಿ.

ಕಾರ್ಡು ಬಂದ ದಿನ ಇಷ್ಟೆಲ್ಲ ನೆನಪಾಗಲು ಇನ್ನೂ ಒಂದು ಕಾರಣವಿತ್ತು. ಅದರ ಹಿಂದಿನ ವಾರ ಅತ್ತೆಯವರ ಫೋನು ಬಂದಿತ್ತು. ಖೋಲಿಯ ಮಾಲೀಕರ ಮಗ ಊರಿಗೆ ವಾಪಸು ಬರುತ್ತಾನಂತೆ, ಮನೆ ಬಿಡಬೇಕು. ಅದೇ ಓಣಿಯಲ್ಲಿ ಎರಡು ಮನೆ ಇವೆ. ಒಂದು ಕೆಳಗಿನದು, ಮೆಟ್ಟಿಲಿಲ್ಲ, ಬೆಳಕು ಕಡಿಮೆ. ಇನ್ನೊಂದು ಮಹಡಿಯ ಮೇಲೆ, ಹದಿನಾರು ಮೆಟ್ಟಿಲು, ಮುಂದೆ ಬಿಸಿಲು ಬೀಳುವ ತೆರೆದ ಜಾಗ.

‘ಎಲ್ಲಾರನೂ ಕೇಳಾಕತ್ತೀನಿ. ನೀ ಏನಂತಿ?’ ಎಂದರು.

‘ತಡೀರಿ ಅತ್ತೀ, ಅವರಿಗೆ ಕೊಡ್ತೀನಿ.’

‘ಅಂವನ್ನ ಆಮ್ಯಾಲ ಕೇಳತೀನಿ. ಮೊದಲ ನೀ ಹೇಳು.’

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮನೆತನದ ಒಂದು ತೀರ್ಮಾನಕ್ಕೆ ಯಾರೂ ನನ್ನನ್ನು ಮೊದಲು ಕೇಳಿರಲಿಲ್ಲ. ಒಂದು ದಿನ ಟೈಮು ಬೇಡಿದೆ. ನನ್ನ ಗುಣಕ್ಕೆ ತಕ್ಕಂತೆ ಹಾಳೆ ಮಡಚಿ ಎರಡು ಕಡೆ ಬರೆದೆ. ಮರುದಿನ ಫೋನು ಮಾಡಿ ಕೆಳಗಿನ ಮನೆಯೇ ಸರಿ ಎಂದೆ. ಮಂಡಿ, ನೀರಿನ ಕೊಡ, ಮಳೆಗಾಲದ ಮೆಟ್ಟಿಲು, ಎಲ್ಲ ಕಾರಣ ಹೇಳಿದೆ. ಅವರು ಒಂದೊಂದಕ್ಕೂ ‘ಹೂಂ’ ಎಂದು ಕೊನೆಯವರೆಗೂ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ.

ನಾಲ್ಕು ದಿನ ಬಿಟ್ಟು ಅವರೇ ಮಾಡಿದರು. ‘ಎಲ್ಲಾರ ಮಾತೂ ಆತು. ನೀವು ಆರೂ ಮಂದಿ ಕೆಳಗಿನದ ಅಂದ್ರಿ. ಸಂಜು ಒಬ್ಬಾಕಿ, ಅಜ್ಜಿ ನಿಂಗೆ ಯಾವ್ದು ಬೇಕು ಅಂದ್ಲು. ಮ್ಯಾಲಿಂದು ಹಿಡದೀನಿ.’

‘ಅತ್ತೀ, ಹದಿನಾರು ಮೆಟ್ಟಲು!’

‘ನಿನ್ನ ಮಾತು ಮರತಿಲ್ಲವಾ. ಮೆಟ್ಟಲಿಗೆ ಹಿಡಿಕಿ ಹಾಕಸ್ತೀನಿ ಅಂತ ಮಾಲೀಕ ಅಂದ ಮ್ಯಾಲ ಅಂವಗ ಹೂಂ ಅಂದೆ. ಹಪ್ಪಳಕ್ಕ ಬಿಸಲು ಬೇಕಲ್ಲ.’

ನಮ್ಮ ಮನೆಯವರು ತಲೆ ಮೇಲೆ ಕೈ ಹೊತ್ತರು. ಭಾವಂದಿರು ಗ್ರೂಪಿನಲ್ಲಿ ಉದ್ದುದ್ದ ಬರೆದರು. ನಾನು ಮಾತ್ರ ಮಾರನೆಯ ದಿನ ಲ್ಯಾಬಿನಲ್ಲಿ, ಕಾಫಿಗೆ ನಿಂತವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಹೋದೆ: ನಮ್ಮ ಅತ್ತೆ ಮಹಡಿ ಮನೆ ಹಿಡಿದಿದ್ದಾರೆ, ನನ್ನನ್ನು ಮೊದಲು ಕೇಳಿದರು, ನಾನು ಬೇಡ ಎಂದಿದ್ದೆ.